ಕಿವಿಗೆ ಬಿದ್ದ ಹನಿ: ಹಳೇ ರೈಸ್ ಮಿಲ್ಲಿನ ಮನೆಯ ರಿಪೇರಿ ಲೆಕ್ಕ

2024ರ ಜೂನ್. ರಾತ್ರಿ ಎರಡೂವರೆ. ಅಟ್ಟದ ಮೇಲೆ ಮಲಗಿದ್ದ ನನ್ನ ಎಡಗಿವಿಯೊಳಗೆ ಒಂದು ಹನಿ ಬಿತ್ತು. ಹಲ್ಲಿ ಇರಬೇಕು ಅಂದುಕೊಂಡು ಮಗ್ಗುಲು ಬದಲಿಸಿದೆ. ಬಲಗಿವಿಗೂ ಬಿತ್ತು. ಎದ್ದು ಟಾರ್ಚ್ ಹಾಕಿದರೆ ತಲೆಯ ಮೇಲಿನ ತೊಲೆಯ ಅಡಿಯಲ್ಲಿ ಹನಿಗಳು ಸಾಲಾಗಿ ನೇತಾಡುತ್ತಿದ್ದವು. ಒಂದು ದಪ್ಪಗಾಗಿ ಬೀಳುತ್ತಿತ್ತು, ಹಿಂದಿನದು ಅದರ ಜಾಗಕ್ಕೆ ಬರುತ್ತಿತ್ತು. ರೇಷನ್ ಅಂಗಡಿ ಕ್ಯೂ ಥರ.

ಹಾಸಿಗೆ ಎಳೆದೆ, ಬಕೆಟ್ ಇಟ್ಟೆ. ಟಣ್ ಟಣ್ ಸದ್ದಿಗೆ ಕೆಳಗಿದ್ದವರೆಲ್ಲ ಎದ್ದರು.

ಮನೆ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ತುಮಕೂರಿನ ಮಂಡಿಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೇ ರೈಸ್ ಮಿಲ್ಲಿತ್ತು. ಭತ್ತದ ಸಿಪ್ಪೆ ಬಿಡಿಸುವ ಯಂತ್ರ, ಹಲ್ಲರ್, ನಿಂತು ವರ್ಷಗಳಾಗಿದ್ದವು. ಉಳಿದಿದ್ದು ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಛಾವಣಿ ಹೊರುವ ಮರದ ಟ್ರಸ್ಸು, ಮಂಗಳೂರು ಹಂಚು. ಉದ್ದ 108 ಅಡಿ, ಅಗಲ 32. ಅದನ್ನ ಅಡ್ಡಡ್ಡ ಆರು ಭಾಗ ಮಾಡಿ, ನಡುವೆ ಸಿಮೆಂಟ್ ಬ್ಲಾಕಿನ ಗೋಡೆ ಎಬ್ಬಿಸಿ ಆರು ಮನೆ ಮಾಡಿದರು. ನಮ್ಮದು ನಾಲ್ಕನೇದು. 2021ರಲ್ಲಿ ತಗೊಂಡೆವು. ಕಾಗದದಲ್ಲಿ ಇದು ಅಪಾರ್ಟ್‌ಮೆಂಟು. ಬೀದಿಯವರಿಗೆ ಇವತ್ತಿಗೂ ಮಿಲ್ಲೇ. ಊಟ ತರುವ ಹುಡುಗನಿಗೆ ಮನೆ ನಂಬರ್ ಹೇಳಿದರೆ ಗೊತ್ತಾಗಲ್ಲ, 'ಹಳೇ ರೈಸ್ ಮಿಲ್ಲು' ಅಂದರೆ ನೆಟ್ಟಗೆ ಬರುತ್ತಾನೆ.

ಒಳಗೆ ನೆಲದಿಂದ ಹಂಚಿನ ನೆತ್ತಿಗೆ 26 ಅಡಿ. ಇಷ್ಟು ಎತ್ತರ ಇಟ್ಟುಕೊಂಡು ನೆಲದ ಮೇಲೆ ಮಾತ್ರ ಬದುಕೋದು ದಡ್ಡತನ ಅಲ್ವಾ? ಹಾಗಾಗಿ 2022ರಲ್ಲಿ 12 ಅಡಿಗೆ 18 ಅಡಿಯ ಅಟ್ಟ ಕಟ್ಟಿಸಿದೆವು. ಸಾಮಾನು ತುಂಬುವ ಅಟ್ಟ ಅಲ್ಲ, ಮಂಚ ಹಾಕಿ ಮಲಗುವ ಅಟ್ಟ.

ಗೋಡೆ ಕೊರೆದು ಕಬ್ಬಿಣದ ತೊಲೆ ಸಿಕ್ಕಿಸಿದರೆ ಎರಡೇ ದಿನದ ಕೆಲಸ ಅಂತ ವೆಲ್ಡರ್ ಹೇಳಿದ. ಇಂಜಿನಿಯರ್ ಖಡಾಖಂಡಿತ ಬೇಡ ಅಂದರು. ಸುಣ್ಣದ ಗಾರೆಯ ಗೋಡೆ ಮೇಲಿನಿಂದ ಸಮನಾಗಿ ಬರುವ ಭಾರ ಹೊರುತ್ತೆ, ಆದರೆ ಒಂದೇ ತೂತಿನಲ್ಲಿ ಭಾರವೆಲ್ಲ ಕೂತರೆ ಅಲ್ಲಿಂದ ಬಿರುಕು ಶುರುವಾಗುತ್ತೆ. ಮನೆಯ ನೆಲಕ್ಕೆ ಚದರ ಮೀಟರಿಗೆ 200 ಕೆಜಿ ಭಾರ ಲೆಕ್ಕ ಹಾಕಬೇಕು. ನಮ್ಮ ಅಟ್ಟ ಸುಮಾರು 20 ಚದರ ಮೀಟರ್. ಅಂದರೆ 4 ಟನ್. ಮಿಲ್ಲಿನ ಭಾಷೆಯಲ್ಲಿ ಹೇಳಿದರೆ, 75 ಕೆಜಿಯ ಭತ್ತದ ಮೂಟೆ 53. ಅದಕ್ಕೇ ಆರು ಕಂಬ, ಅವುಗಳ ಮೇಲೆ 150 ಎಂಎಂನ ಐ ತೊಲೆ, ಒಂದೂವರೆ ಅಡಿಗೊಂದು ಬಾಕ್ಸ್ ಪೈಪು, ಮೇಲೆ ಸಿಮೆಂಟ್ ಬೋರ್ಡು. ಗೋಡೆಗೆ ಎಲ್ಲೂ ತಾಗಿಲ್ಲ, ಸುತ್ತಲೂ ಒಂದಿಂಚು ಬಿಟ್ಟಿದೆ. ಆ ಸಂದಿಯಿಂದ ಮಗಳ ಪೆನ್ಸಿಲ್ಲು, ರಬ್ಬರ್ರು, ಒಂದು ಸಲ ನನ್ನ ಕನ್ನಡಕ ಕೂಡ ಕೆಳಗಿನ ಒಗ್ಗರಣೆ ಬಾಣಲಿ ಪಕ್ಕ ಬಿದ್ದಿವೆ. ಕೊನೆಗೆ ತೆಂಗಿನ ನಾರಿನ ಹಗ್ಗ ತುರುಕಿದೆವು. ತುಮಕೂರಲ್ಲಿ ನಾರಿಗೇನು ಬರ.

ಐದನೇ ಕಂಬಕ್ಕೆ ಗುಂಡಿ ತೆಗೆಯುವಾಗ ಒಂದಡಿ ಕೆಳಗೆ ಹಾರೆ ಠಣ್ ಅಂತು. ಮಣ್ಣು ಸರಿಸಿದರೆ ಕರೀ ಕಲ್ಲಿನ ದಿಮ್ಮಿ. ಮೇಲೆ ನಾಲ್ಕು ಬೋಲ್ಟು ನೆಟ್ಟಗೆ ನಿಂತಿದ್ದವು. ಪ್ರತಿ ಬೋಲ್ಟಿನ ಬುಡದಲ್ಲಿ ಬೂದು ಬಣ್ಣದ ಉಂಗುರ, ಉಗುರಲ್ಲಿ ಕೆರೆದರೆ ಹೊಳೆಯಿತು. ಸೀಸ. ಹಿಂದೆ ಕಲ್ಲಿಗೆ ತೂತು ಹೊಡೆದು, ಬೋಲ್ಟು ಇಳಿಸಿ, ಸುತ್ತ ಸೀಸ ಕಾಯಿಸಿ ಹೊಯ್ಯುತ್ತಿದ್ದರು. ಅದು ಹಲ್ಲರ್ ಕೂರಿಸಿದ್ದ ಕಲ್ಲು. ಒಡೆದು ಹಾಕೋಣವಾ ಅಂತ ಕೇಳಿದ್ದಕ್ಕೆ ಗಾರೆ ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

'ದಿನಾ ಹಲ್ಲರ್ ಕುಣಿದ್ರೂ ಅಲ್ಲಾಡ್ದಿರೋ ಕಲ್ಲು ಸ್ವಾಮಿ ಇದು. ನಿಮ್ಮ ಮಂಚಕ್ಕೆ ಅಲ್ಲಾಡ್ತದಾ?'

ಇಂಜಿನಿಯರ್ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಒಂದು ಕಂಬ ಕಲ್ಲಿನ ಮೇಲೆ, ಉಳಿದ ಐದು ಸಡಿಲ ಮಣ್ಣಿನ ಮೇಲೆ ನಿಂತರೆ ಆ ಐದೇ ಕೂರುತ್ತವೆ, ಅಟ್ಟ ಓರೆಯಾಗುತ್ತೆ. ಹಾಗಾಗಿ ಉಳಿದ ಗುಂಡಿಗಳನ್ನೂ ಗಟ್ಟಿ ಗರಸು ಮಣ್ಣು ಸಿಗೋವರೆಗೆ ಇಳಿಸಿದೆವು. ಎರಡು ದಿನ ಜಾಸ್ತಿ ಹಿಡಿಯಿತು. ಆ ನಾಲ್ಕು ಬೋಲ್ಟು ಈಗಲೂ ಅಲ್ಲೇ ಇವೆ, ನೆಲದ ಟೈಲ್ಸಿನ ಅಡಿ. ನಾನು ಆ ಜಾಗ ದಾಟುವಾಗ ಕಾಲಲ್ಲಿ ಒಮ್ಮೆ ತಟ್ಟುತ್ತೇನೆ. ಯಾಕೆ ಅಂತ ಕೇಳಬೇಡಿ.

ಇಷ್ಟೆಲ್ಲ ಮಾಡುವ ಮೊದಲು ಉಳಿದ ಐದು ಮನೆಯವರ ಸಹಿ ಬೇಕಾಗಿತ್ತು. ಈ ಮನೆಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ನೋಂದಣಿ ಆಗಿವೆ. ಕಟ್ಟಡಕ್ಕೆ ದೊಡ್ಡದಾಗಿ ಏನಾದರೂ ಸೇರಿಸಬೇಕಾದರೆ ಎಲ್ಲರೂ ಒಪ್ಪಬೇಕು. ಆಗ ಸುಮ್ನೆ ಕಿರಿಕಿರಿ ಅನ್ನಿಸಿತ್ತು. ಅದೇ ಪತ್ರ ಎರಡು ವರ್ಷದ ಮೇಲೆ ನನ್ನ ಕೈ ಹಿಡಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಹನಿ.

ಮೊದಲ ತಪ್ಪು ನನ್ನದೇ. ಹನಿ ಬಿದ್ದ ಜಾಗದ ನೇರ ಮೇಲಿನ ಹಂಚು ಒಡೆದಿರಬೇಕು ಅಂತ ತೀರ್ಮಾನಿಸಿ, ಒಳಗಿನಿಂದಲೇ ಸಂದಿಗೆ ಎಂ-ಸೀಲ್ ಮೆತ್ತಿದೆ. ಮುಂದಿನ ಮಳೆಗೆ ಅಲ್ಲೇ ಸೋರಿತು. ಆ ಸಾಲಿನ ಎಂಟು ಹಂಚು ಬದಲಿಸಿದೆ. ಸೋರಿತು. ಹೊಸ ಹಂಚಿನ ಅಳತೆ ಹಳೇದಕ್ಕಿಂತ ಕೂದಲೆಳೆ ಬೇರೆ. ಅಂಚಿನ ತೋಡಿಗೆ ತೋಡು ಕೂರಲ್ಲ, ಸಂದಿ ಬಿಡುತ್ತೆ. ಹಾಗಾಗಿ ಮೊದಲು ಒಂದು ಕಡೆ ಸೋರುತ್ತಿದ್ದದ್ದು ಈಗ ಎರಡು ಕಡೆ. ಮೂರನೇ ಸಲ ಟಾರ್ಪಾಲು ಹೊದಿಸಿದೆ. ರಾತ್ರಿ ಗಾಳಿಗೆ ಅದು ಪಟಪಟ ಬಡಿದು ಆರು ಮನೆಯವರ ನಿದ್ದೆ ಕೆಡಿಸಿತು. ಮೇಲೆ ಹತ್ತಿ ಸರಿಯಾಗಿ ನೋಡೋಕೆ ನನಗೆ ಧೈರ್ಯ ಸಾಲದೆ ಮೇಸ್ತ್ರಿಗೆ ಫೋನ್ ಮಾಡುತ್ತಾ ಕೂತಿದ್ದೆ. 'ಅಟ್ಟ ಹಾರದವನು ಬೆಟ್ಟ ಹಾರಿಯಾನೇ' ಅಂತ ಅತ್ತೆ ಗೋಡೆ ಕಡೆ ತಿರುಗಿ ಹೇಳಿದರು. ನನಗಲ್ಲವಂತೆ, ಗಾದೆ ನೆನಪಾಯಿತಂತೆ.

ಮೇಸ್ತ್ರಿ ಬಂದವರು ಹಂಚು ನೋಡಲೇ ಇಲ್ಲ. ಅಟ್ಟದ ಮೇಲೆ ನಿಂತು ಗೋಡೆಯ ತಲೆ ನೋಡಿದರು. ನಮಗೂ ಮೂರನೇ ಮನೆಗೂ ನಡುವಿನ ಬ್ಲಾಕ್ ಗೋಡೆ ಮೇಲೆ ಹೋಗಿ ನಿಲ್ಲುವಲ್ಲಿ, ತೊಲೆಯ ಪಕ್ಕ, ನಾಲ್ಕು ಬೆರಳಗಲ ಜಾಗ ಇದೆ. ಅಲ್ಲಿ ಧೂಳು ಕೂತಿತ್ತು. ಧೂಳಿನಲ್ಲಿ ತೆಳ್ಳಗೆ, ತಿಳಿ ಹಸಿರು, ಬೆರಳುದ್ದದ ಐದಾರು ಪೈರು.

'ಭತ್ತ' ಅಂದರು ಮೇಸ್ತ್ರಿ.

ನನಗೆ ಮೈ ಜುಮ್ಮೆಂದಿತು. ಮಿಲ್ಲು ನಿಂತು ಇಷ್ಟು ವರ್ಷ ಆದಮೇಲೂ ಗೋಡೆಯ ಭತ್ತ ಮೊಳಕೆ ಒಡೆದಿದೆ! ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿಯೂ ಬಿಟ್ಟೆ. ಅತ್ತೆ ಕೆಳಗಿನಿಂದಲೇ ಕೂಗಿದರು. 'ಎರಡು ವರ್ಷ ಹಳೇ ಬಿತ್ತನೆ ಭತ್ತಾನೇ ಸರಿಯಾಗಿ ಹುಟ್ಟಲ್ಲ. ಇಪ್ಪತ್ತು ವರ್ಷದ್ದು ಹುಟ್ಟುತ್ತಾ? ಗುಬ್ಬಿ ತಂದಿರೋದು ಅದು.' ಸರಿಯಾಗೇ ಹೇಳಿದ್ದರು. ಮೂರನೇ ಮನೆ ಅಂಕಲ್ ಗುಬ್ಬಿಗಳಿಗೆ ಅಂತ ಜಗಲಿಯಲ್ಲಿ ಭತ್ತದ ತೆನೆ ಕಟ್ಟುತ್ತಾರೆ. ಗುಬ್ಬಿಗಳು ತೆನೆ ಕಿತ್ತು, ಹಂಚಿನ ಸಂದಿಯಿಂದ ಒಳಗೆ ಬಂದು, ನಮ್ಮಿಬ್ಬರ ಗೋಡೆಯ ತಲೆ ಮೇಲೆ ಕೂತು ತಿನ್ನುತ್ತವೆ. ಉದುರಿದ ಕಾಳಿಗೆ ನೀರು ಸಿಕ್ಕಿದೆ.

ಮೇಸ್ತ್ರಿಗೆ ಗುಬ್ಬಿ ಬೇಕಿರಲಿಲ್ಲ, ನೀರು ಬೇಕಿತ್ತು. ಪೈರು ಇದ್ದದ್ದು ಗೋಡೆಯ ಒಂದು ಮೊಳ ಜಾಗದಲ್ಲಿ ಮಾತ್ರ, ಅದೂ ಮೂರನೇ ಮನೆ ಕಡೆಯ ಅಂಚಿನಲ್ಲಿ. ಉಳಿದ ಕಡೆಯೂ ಕಾಳಿತ್ತು, ಒಣಗಿಕೊಂಡೇ ಇತ್ತು. 'ನೀರು ಆ ಕಡೆಯಿಂದ ತೊಲೆ ಹಿಡ್ಕೊಂಡು ಬರ್ತಾ ಐತೆ' ಅಂದರು. ರಸಮಟ್ಟ ಇಟ್ಟು ನೋಡಿದೆವು. ಉದ್ದದ ತೊಲೆ ಅವರ ಕಡೆಯಿಂದ ನಮ್ಮ ಕಡೆಗೆ ಐದಡಿಗೆ ಮುಕ್ಕಾಲು ಇಂಚು ಬಗ್ಗಿತ್ತು. ಅವರ ಮೇಲೆ ಬಿದ್ದ ನೀರು ತೊಲೆಯ ಅಡಿ ಅಂಟಿಕೊಂಡು, ಗೋಡೆ ದಾಟಿ, ನಮ್ಮ ಕಡೆ ಒಂದು ಗಂಟು ಸಿಕ್ಕಿದಲ್ಲಿ ನಿಂತು, ಅಲ್ಲಿಂದ ನನ್ನ ಕಿವಿಗೆ.

ಆದರೂ ಎಲ್ಲಿಂದ ಒಳಗೆ ಬರುತ್ತಿದೆ ಅಂತ ಖಾತ್ರಿ ಆಗಬೇಕಲ್ಲ. ಮಳೆ ಬಿಟ್ಟ ಒಂದು ಭಾನುವಾರ ಪೈಪು ಪರೀಕ್ಷೆ ಮಾಡಿದೆವು. ಹಂಚಿನ ಮನೆ ಇರುವವರಿಗೆಲ್ಲ ಇದೊಂದು ಹೇಳಲೇಬೇಕು: ನೀರು ಕೆಳಗಿನ ಸಾಲಿನಿಂದ ಹಿಡಿಯುತ್ತಾ ಮೇಲಕ್ಕೆ ಹೋಗಬೇಕು. ಮೇಲಿನಿಂದ ಬಿಟ್ಟರೆ ಅದು ಎಲ್ಲ ಸಾಲಿನ ಮೇಲೂ ಹರಿದು, ಯಾವ ಸಾಲು ಸೋರಿತು ಅಂತ ಗೊತ್ತೇ ಆಗಲ್ಲ. ಒಂದೊಂದು ಸಾಲಿಗೆ ಹತ್ತು ನಿಮಿಷ. ಮೇಲೆ ಮೇಸ್ತ್ರಿಯ ಮಗ ಪೈಪು ಹಿಡಿದ, ಒಳಗೆ ನಾನು ಟಾರ್ಚು.

'ಬಂತಾ ಸಾ?'

'ಇಲ್ಲ.'

ಎರಡು ಗಂಟೆ ಇದೇ ಮಾತು. ಎರಡು ಸಂಪು ನೀರು ಹೋಯಿತು. ಹೆಂಡತಿ ಬಂದು 'ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕೊಟ್ಟ ದುಡ್ಡು ನೆನಪಿದೆಯಾ' ಅಂತ ಮಾತ್ರ ಕೇಳಿ ಹೋದಳು. ನೆತ್ತಿಗೆ, ಎರಡು ಇಳಿಜಾರು ಸೇರುವ ಕಮಾನು ಹಂಚಿಗೆ ಪೈಪು ಹಿಡಿದು ನಾಲ್ಕೇ ನಿಮಿಷ, ತೊಲೆ ಬೆವರಿತು.

ಅಲ್ಲಿ ನೋಡಿದರೆ ಎರಡು ಕಾಯಿಲೆ. ಒಂದು, ಮನೆ ಮಾಡುವಾಗ ನೆತ್ತಿ ಹಂಚುಗಳನ್ನ ಗಟ್ಟಿ ಸಿಮೆಂಟಿನಲ್ಲಿ ಕೂರಿಸಿದ್ದರು. ಮರದ ಛಾವಣಿ ಬಿಸಿಲಿಗೆ ಒಣಗಿ ಕುಗ್ಗುತ್ತೆ, ಮಳೆಗೆ ಊದುತ್ತೆ, ಅಲ್ಲಾಡುತ್ತಲೇ ಇರುತ್ತೆ. ಸಿಮೆಂಟಿಗೆ ಅದರ ಜೊತೆ ಹೋಗುವ ಗುಣ ಇಲ್ಲ. ಬಿರುಕು ಬಿಟ್ಟಿತ್ತು. ಎರಡನೇದು, ಡಿಶ್ ಆಂಟೆನಾ. ಅಂಕಲ್ ಮನೆಯ ಟಿವಿಗೆ ಡಿಶ್ ಹಾಕಲು ಬಂದ ಹುಡುಗ ನೆತ್ತಿ ಹಂಚಿಗೇ ಡ್ರಿಲ್ ಹಾಕಿ, ಮರದ ತೊಲೆಗೆ ಬೋಲ್ಟು ಬಿಗಿದು, ಸುತ್ತ ಸಿಲಿಕಾನ್ ಸವರಿ ಹೋಗಿದ್ದ. ಸಿಲಿಕಾನ್ ಒಣಗಿ ಹಪ್ಪಳದ ಥರ ಎದ್ದಿತ್ತು.

ಹೋಗಿ ಹೇಳಿದೆ. ಅಂಕಲ್ ಕಾಫಿ ಕೊಟ್ಟು, ತಲೆ ಎತ್ತಿ ತಮ್ಮ ಛಾವಣಿ ತೋರಿಸಿದರು. 'ನೋಡಪ್ಪಾ, ನಮ್ಮನೆ ಒಳಗೆ ಒಂದು ಹನೀನೂ ಬಿದ್ದಿಲ್ಲ.' ನಿಜವೇ. ಅವರ ನೀರೆಲ್ಲ ನಮಗೆ ಬರುತ್ತಿತ್ತಲ್ಲ.

ಆರೂ ಮನೆಯವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಒಂದನೇ ಮನೆಯವರು 'ಸೋರೋದು ನಿಮ್ಮನೇಲಿ, ದುಡ್ಡು ನಾವ್ಯಾಕೆ' ಅಂದರು. ಐದನೇ ಮನೆಯವರು 'ಡಿಶ್ ಹಾಕಿಸಿದವರೇ ಕೊಡಲಿ' ಅಂದರು. ಅಂಕಲ್ ಮುಖ ಕೆಂಪಾಯಿತು. ಆಗ ಒಳಗೆ ಹೋಗಿ ನೋಂದಣಿ ಪತ್ರ ತಂದು ಓದಿದೆ. ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಛಾವಣಿ, ಇವೆಲ್ಲ ಎಲ್ಲರಿಗೂ ಸೇರಿದ ಭಾಗ. ಕಾಯ್ದೆಯಲ್ಲೂ ಹಾಗೇ ಇದೆ. ಅಂದರೆ ನನ್ನ ತಲೆ ಮೇಲಿನ ಹಂಚು ನನ್ನದಲ್ಲ, ಆರನೇ ಮನೆ ಮೇಲಿನ ಹಂಚಿನಲ್ಲಿ ನನಗೂ ಪಾಲಿದೆ. ಯಾರೂ ಅದನ್ನ ಓದಿರಲಿಲ್ಲ. ನಾನೂ ಓದಿದ್ದು ಅಟ್ಟಕ್ಕೆ ಸಹಿ ಕೇಳಲು ಹೋದಾಗಲೇ. ಡಿಶ್ ತೆಗೆಯುವ ಖರ್ಚು ಅಂಕಲ್‌ದು, ಉಳಿದದ್ದು ಆರು ಪಾಲು ಅಂತಾಯಿತು. ಒಟ್ಟು 38,400, ಮನೆಗೆ 6,400. ಒಂದನೇ ಮನೆಯವರು ಕೊನೆಗೆ ಕೊಟ್ಟರು, ಆದರೆ ಮೂರು ವಾರ ನಮ್ಮ ಮನೆ ಮುಂದೆ ಹಾದು ಹೋಗುವಾಗ ಮೊಬೈಲ್ ನೋಡಿಕೊಂಡೇ ಹೋದರು.

ಹಳೇ ಹಂಚು ಹುಡುಕಿದ್ದು ಹಳೇ ಸಾಮಾನಿನ ಅಂಗಡಿಯಲ್ಲಿ. ಮೇಸ್ತ್ರಿ ಒಂದೊಂದನ್ನೂ ಎಡಗೈ ಬೆರಳ ಮೇಲೆ ತೂಗುಹಾಕಿ, ಬಲಗೈ ಗೆಣ್ಣಿನಲ್ಲಿ ಕುಟ್ಟಿದರು. ಗಂಟೆಯ ಹಾಗೆ ಕಣ್ ಅಂದರೆ ಗಟ್ಟಿ. ಡಬ್ ಅಂದರೆ ಕಣ್ಣಿಗೆ ಕಾಣದ ಸೀಳಿದೆ ಅಂತ ಲೆಕ್ಕ. ನೂರು ಕುಟ್ಟಿ ಅರವತ್ತು ಆರಿಸಿದರು. ಅಂಗಡಿಯವನಿಗೆ ಅಷ್ಟು ಇಷ್ಟವಾಗಲಿಲ್ಲ. ಹಂಚಿನ ಬೆನ್ನ ಮೇಲೆ ಮಂಗಳೂರಿನ ಕಾರ್ಖಾನೆಗಳ ಮುದ್ರೆ, ಅರ್ಧ ಸವೆದಿತ್ತು. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಹಂಚಿನ ಕೆಲಸ ಘಟ್ಟ ಹತ್ತಿ ಎಲ್ಲೆಲ್ಲಿಗೆ ಬಂದಿದೆ ನೋಡಿ. ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಹತ್ತಿರ ಹತ್ತಿರ 140 ಹಂಚು ಬೇಕು. ಒಂದಕ್ಕೆ ಎರಡೂವರೆ ಕೆಜಿ ಹಿಡಿದರೂ 350 ಕೆಜಿ. ತೊಲೆ ಬಗ್ಗಿದ್ದಕ್ಕೆ ಅದನ್ನ ಬೈಯೋಕಾಗಲ್ಲ.

ಜುಲೈನಲ್ಲಿ ನಾಲ್ಕು ದಿನ ಮಳೆ ಬಿಟ್ಟಾಗ ಕೆಲಸ ಮುಗಿಸಿದೆವು. ಹಂಚಿನ ಮೇಲೆ ಓಡಾಡುವಾಗ ಹಂಚಿನ ನಡುವೆ ಕಾಲಿಡಬಾರದು. ಒಂದರ ಮೇಲೊಂದು ಕೂರುವ, ಅಡಿಯಲ್ಲಿ ರೀಪು (ಹಂಚು ಕೂರುವ ಮರದ ಪಟ್ಟಿ) ಇರುವ ಅಂಚಿನ ಮೇಲೇ ಇಡಬೇಕು. ಸೊಂಟಕ್ಕೆ ಹಗ್ಗ ಇರಲೇಬೇಕು. ನೆತ್ತಿಯ ಸಿಮೆಂಟು ಒಡೆದು, ಸುಣ್ಣ ಒಂದು, ಸುರ್ಕಿ ಒಂದು, ಮರಳು ಎರಡು ಪಾಲು ಕಲಸಿ ಕಮಾನು ಹಂಚು ಕೂರಿಸಿದರು. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆ ಪುಡಿ, ಅದು ಸೇರಿದರೆ ಸುಣ್ಣ ತೇವದಲ್ಲೂ ಗಟ್ಟಿಯಾಗುತ್ತೆ. ಹತ್ತು ದಿನ ಟಾರ್ಪಾಲು, ಈ ಸಲ ಮರಳು ಚೀಲ ಕಟ್ಟಿ. ಬಗ್ಗಿದ ತೊಲೆಯನ್ನ ಎತ್ತಲು ಹೋಗಲಿಲ್ಲ. ಜಾಕಿ ಕೊಟ್ಟರೆ ಮೇಲಿನ ಹಂಚೆಲ್ಲ ಸಡಿಲವಾಗುತ್ತೆ, ಬೇಡ ಅಂದರು ಇಂಜಿನಿಯರ್. ಇನ್ನೂ ಬಗ್ಗುತ್ತಾ ನೋಡಲು ಅಡಿಯಲ್ಲಿ ಒಂದು ದಾರ ಬಿಗಿದಿದ್ದೇವೆ.

ಸೋರಿಕೆ ನಿಂತಿತು. ಗೋಡೆಯ ಕೆಲಸ ಉಳಿದಿತ್ತು.

ಹೊರಗೋಡೆಯ ಒಳಮೈಗೆ ನೆಲದಿಂದ ನಾಲ್ಕಡಿ ಸಿಮೆಂಟ್ ಪ್ಲಾಸ್ಟರ್ ಹೊಡೆದಿದ್ದರು. ಹಳೇ ಗೋಡೆ ನೆಲದ ತೇವ ಹೀರುತ್ತೆ, ಸುಣ್ಣದ ಮೈಯಿಂದ ಅದು ಆರಿಹೋಗುತ್ತಿತ್ತು. ಸಿಮೆಂಟು ಆ ದಾರಿ ಮುಚ್ಚಿತು. ತೇವದ ಜೊತೆ ಬಂದ ಉಪ್ಪು ಪೇಂಟಿನ ಹಿಂದೆ ಕೂತು ಅದನ್ನ ಹೊರಕ್ಕೆ ತಳ್ಳಿತು. ಮೂರು ಸಲ ಪೇಂಟ್ ಹೊಡೆಸಿದ್ದೆ, ಮೂರು ಸಲವೂ ಬೊಬ್ಬೆ ಎದ್ದು ಉದುರಿತು. 2025ರ ಜನವರಿಯಲ್ಲಿ ಅಷ್ಟನ್ನೂ ಕಿತ್ತು, ಇಟ್ಟಿಗೆ ಬರಿಮೈಯಲ್ಲಿ ಆರು ವಾರ ಆರಲು ಬಿಟ್ಟೆವು. ವಾರಕ್ಕೊಮ್ಮೆ ಒಣ ಬ್ರಷ್‌ನಲ್ಲಿ ಉಪ್ಪು ಉಜ್ಜಿ ತೆಗೆಯೋದು ನನ್ನ ಪಾಲಿನ ಕೆಲಸ. ನೀರು ಹಾಕಿ ತೊಳೆಯಬಾರದು, ಉಪ್ಪು ಕರಗಿ ವಾಪಸ್ ಒಳಗೇ ಹೋಗುತ್ತೆ.

ಸುಣ್ಣ ಅರಳಿಸೋದು ನಾನೇ ಮಾಡುತ್ತೇನೆ ಅಂತ ಹೊರಟೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಅರ್ಧ ನೀರು ತುಂಬಿ, ಸುಟ್ಟ ಸುಣ್ಣದ ಕಲ್ಲು ಹಾಕಿದೆ. ಮೊದಲು ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ಹಾಕಿದೆ. ಕಲ್ಲು ಸೀಳು ಬಿಟ್ಟು ಬುಸ್ ಅಂತು. ನೋಡನೋಡುತ್ತ ನೀರು ಕೊತಕೊತ ಕುದಿಯಿತು, ಆವಿ ಎದ್ದಿತು, ಬಕೆಟ್ಟಿನ ಹೊಟ್ಟೆ ಬಸುರಿಯ ಹಾಗೆ ಉಬ್ಬಿ, ಪಕ್ಕಕ್ಕೆ ವಾಲಿ, ಬಿಳೀ ಗಂಜಿ ಅಂಗಳದ ತುಂಬ. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಪ್ಯಾಂಟು ಉಳಿಯಲಿಲ್ಲ. ಎರಡನೇ ಸಲ ಕಬ್ಬಿಣದ ಡ್ರಮ್ಮು, ಜಾಸ್ತಿ ನೀರು, ಒಂದೊಂದೇ ಕಲ್ಲು, ಉದ್ದ ಕೋಲು. ಜರಡಿ ಹಿಡಿದು ಮೇಲೆ ನೀರು ನಿಲ್ಲಿಸಿ ಮೂರು ವಾರ ಇಟ್ಟೆವು. ಬೆಣ್ಣೆಯಂತಾಯಿತು.

ಅಳಲೆಕಾಯಿ ಜಜ್ಜಿ, ಬೆಲ್ಲದ ಜೊತೆ ನೆನೆಹಾಕಿದ ನೀರಿನಲ್ಲಿ ಕಲಸಬೇಕು ಅಂತ ಮೇಸ್ತ್ರಿಯ ಪಟ್ಟು. ಗಾರೆ ಕೈಗೆ ಚೆನ್ನಾಗಿ ಜಾರುತ್ತೆ, ಹಿಡಿತ ಚೆನ್ನಾಗಿರುತ್ತೆ. ಮನೆಯೊಳಗೆ ಒಂದು ವಾರ ಹೆಂಡದಂಗಡಿ ವಾಸನೆ. ಮೊದಲ ಕೋಟ್ ಹೊಡೆದ ರಾತ್ರಿ ಮಂಡಿಪೇಟೆಯ ಇರುವೆಯೆಲ್ಲ ನಮ್ಮ ಗೋಡೆಗೆ ಬಂದಿತ್ತು. ಬೆಲ್ಲ ಹಾಕುವಾಗ ಮೇಸ್ತ್ರಿ ಕೈ ಸ್ವಲ್ಪ ಧಾರಾಳವಾಯಿತು ಅನ್ನೋದು ನನ್ನ ಅನುಮಾನ. ಎರಡು ಕೋಟ್, ನಡುವೆ ಹತ್ತು ದಿನ ಬಿಡುವು, ಒದ್ದೆ ಗೋಣಿ ನೇತುಹಾಕಿ ನೆರಳು. ಸುಣ್ಣ ಒಣಗಿದರೆ ಸಾಲದು, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಮತ್ತೆ ಕಲ್ಲಾಗಬೇಕು. ಅವಸರ ಮಾಡಿದರೆ ಪುಡಿ. ನಾನು ಬೇಜಾರಾಗಿ ಒಂದು ಮೂಲೆಯ ಗೋಣಿಯನ್ನ ಮೊದಲೇ ತೆಗೆದಿದ್ದೆ. ಆ ಮೂಲೆಗೆ ಇವತ್ತೂ ಅಂಗಿ ತಾಗಿದರೆ ಬಿಳಿ ಹತ್ತುತ್ತೆ.

ಸೆಕೆ ಬಗ್ಗೆಯೂ ಕೇಳುತ್ತಾರೆ. ಏಪ್ರಿಲ್‌ನಲ್ಲಿ ಅಟ್ಟದ ಮೇಲೆ ಮಧ್ಯಾಹ್ನ ಮಲಗೋಕಾಗಲ್ಲ, ಸುಳ್ಳು ಹೇಳಲ್ಲ. ಬಿಸಿಗಾಳಿಯೆಲ್ಲ ಮೇಲೇ ಬಂದು ನಿಲ್ಲುತ್ತೆ. ಮಿಲ್ಲಿನವರು ತೌಡಿನ ಧೂಳು ಹೋಗಲಿ ಅಂತ ಗೋಡೆಯ ತುದಿಯಲ್ಲಿ ಬಿಟ್ಟಿದ್ದ ಗಾಳಿಗಿಂಡಿಗಳನ್ನ ಮನೆ ಮಾಡುವಾಗ ಮುಚ್ಚಿದ್ದರು. ನಮ್ಮ ಪಾಲಿನ ಎರಡನ್ನ ಬಿಡಿಸಿ ಪಾರಿವಾಳಕ್ಕೆ ಜಾಲರಿ ಬಡಿಸಿದೆ. ಸಂಜೆ ಹೊತ್ತಿಗೆ ಪರವಾಗಿಲ್ಲ. ಮಧ್ಯಾಹ್ನದ ನಿದ್ದೆ ಕೆಳಗೇ, ಹಲ್ಲರ್ ಕಲ್ಲಿನ ಪಕ್ಕ ಚಾಪೆ ಹಾಸಿ.

ಈ ವರ್ಷ ಜೂನ್‌ನಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಟಾರ್ಚ್ ಹಿಡಿದು ತೊಲೆ ನೋಡಿದೆ, ಒಣಗಿತ್ತು. ಗೋಡೆ ತಲೆ ನೋಡಿದೆ, ಕಾಳು ಹಾಗೇ ಬಿದ್ದಿತ್ತು, ಒಂದೂ ಹುಟ್ಟಿರಲಿಲ್ಲ. ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಏಳಕ್ಕೆ ಬಾಗಿಲು ತಟ್ಟಿದ ಸದ್ದು. ಐದನೇ ಮನೆಯವರು. ಕೈಯಲ್ಲಿ ಒದ್ದೆ ದಿಂಬು.

'ಸಾರ್, ತಪ್ಪು ತಿಳೀಬೇಡಿ. ನಿಮ್ಮ ಕಡೆ ಹಂಚು ಒಂದ್ಸಲ ನೋಡಬೇಕಿತ್ತು. ಏಣಿ ಇದೆಯಲ್ಲ?'